ಯಲಹಂಕದ ಡೀಸೆಲ್ ವಿದ್ಯುದಾಗಾರ: ಒಂದು ವಿವೇಚನೆ

ನಾಡಪ್ರಭುಗಳ ಊರೆಂದು ಇತಿಹಾಸದಲ್ಲಿ ಪ್ರಸಿದ್ಧವಾದ ಯಲಹಂಕವು 1990ರ ದಶಕದ ಆರಂಭದಲ್ಲಿ ಬೆಂಗಳೂರಿನ ಉತ್ತರಕ್ಕೆ, ಹಳ್ಳಿಗಳ ನಡುವೆ ಇದ್ದ ಪಟ್ಟಣವಾಗಿತ್ತು. 1993ರ ಸುಮಾರಿಗೆ ಕರ್ನಾಟಕ ವಿದ್ಯುತ್ ನಿಗಮವು ಇಲ್ಲಿ ತೈಲದಿಂದ ನಡೆಯುವ ವಿದ್ಯುದಾಗಾರವೊಂದನ್ನು ಸ್ಥಾಪಿಸಿತು. ಅದರ ಆರು ಘಟಕಗಳ ಒಟ್ಟು ಸಾಮರ್ಥ್ಯ ಸುಮಾರು 128 ಮೆಗಾವಾಟ್. ಶರಾವತಿಯ 1,035 ಮೆಗಾವಾಟ್‌ಗಳ ಮುಂದೆ ಇದು ಅಲ್ಪವೇ ಸರಿ. ಜಲಶಕ್ತಿಗೆ ಹೆಸರಾದ ನಾಡಿಗೆ ದುಬಾರಿಯಾದ ತೈಲದ ಆಸರೆ ಏಕೆ ಬೇಕಾಯಿತೆಂಬುದನ್ನು ಇಲ್ಲಿ ವಿಚಾರಿಸಬಹುದು.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತು ಹರಿದಾಗಲೇ ಈ ಪ್ರಶ್ನೆಯ ಬೀಜ ಬಿದ್ದಿತ್ತು. ಬೇಸಗೆಯಲ್ಲಿ ಕಾವೇರಿಯ ಹರಿವು ಕುಗ್ಗಿದರೆ ಗಣಿಗಳಿಗೂ ತೊಂದರೆ. 1911ರಲ್ಲಿ ಕನ್ನಂಬಾಡಿ ಅಣೆಕಟ್ಟಿನ ಕೆಲಸ ಆರಂಭವಾದುದಕ್ಕೆ ವ್ಯವಸಾಯದೊಡನೆ ಈ ಕೊರತೆಯೂ ಒಂದು ಕಾರಣ. ಅಂದರೆ, ಆ ಕಾಲದಲ್ಲಿ ಆಪತ್ಕಾಲದ ಶಕ್ತಿಯೆಂದರೆ ಕೂಡಿಟ್ಟ ನೀರು. ಲಿಂಗನಮಕ್ಕಿಯೂ ಇದೇ ನಂಬಿಕೆಯನ್ನು ಬೆಳೆಸಿತು. ಆದರೆ ಮಳೆ ತಪ್ಪಿದಾಗ ಜಲಾಶಯವೂ ಬರಿದಾಗುವುದು. 1985ರಲ್ಲಿ ರಾಯಚೂರಿನ ಮೊದಲ ಕಲ್ಲಿದ್ದಲು ಘಟಕ ಆರಂಭವಾಗುವವರೆಗೆ ರಾಜ್ಯದ ಉತ್ಪಾದನೆಯು ಬಹುಮಟ್ಟಿಗೆ ನೀರನ್ನೇ ನಂಬಿತ್ತು.

ಕಲ್ಲಿದ್ದಲಿನ ಘಟಕವು ತಣ್ಣಗಾದ ಮೇಲೆ ಮತ್ತೆ ನಡೆಯಲು ಅನೇಕ ಗಂಟೆಗಳು ಬೇಕು; ತೈಲಯಂತ್ರವಾದರೋ ಬೇಗನೆ ಹೊರಡುವುದು. ಅದಕ್ಕೆ ನೀರಿನ ಅಗತ್ಯವೂ ಕಡಿಮೆ. ಅಲ್ಲದೆ, ಬೇಡಿಕೆ ಹೆಚ್ಚಿದ ನಗರದ ಹತ್ತಿರವೇ ಅದನ್ನು ನಿಲ್ಲಿಸಬಹುದು. ಇವೇ ಅದರ ಗುಣಗಳು. ತೈಲದ ಬೆಲೆಯೇ ಅದರ ದೋಷ.

ಆದಕಾರಣ, ಇಂತಹ ಕೇಂದ್ರವನ್ನು ಉತ್ಪಾದನೆಯ ಲೆಕ್ಕದಿಂದ ಮಾತ್ರ ಅಳೆಯುವುದು ನ್ಯಾಯವಲ್ಲ. ನಮ್ಮ ರೈತರು ಹಗೇವಿನಲ್ಲಿ ಧಾನ್ಯವನ್ನು ಉಳಿಸುತ್ತಿದ್ದುದು ದಿನವೂ ತೆಗೆಯುವುದಕ್ಕಲ್ಲ. ಆದರೆ ಹಗೇವಿನ ಧಾನ್ಯ ತಮ್ಮ ಹೊಲದ್ದೇ. ಇಲ್ಲಿಯ ತೈಲವೋ ಹೊರಗಿನಿಂದ ಬರಬೇಕಾದುದು. ಮತ್ತೊಂದು ಮಾತೂ ಉಂಟು: ಶಕ್ತಿಯು ಇಡೀ ಜಾಲಕ್ಕೆ ಸಂದರೆ, ಹೊಗೆ ಮತ್ತು ಸದ್ದು ನೆರೆಯವರ ಪಾಲು. 2007ರಲ್ಲಿ ಯಲಹಂಕವು ಮಹಾನಗರದಲ್ಲಿ ಸೇರಿದ ಮೇಲೆ ಆ ನೆರೆಯೂ ದೊಡ್ಡದಾಯಿತು.

ಡೀಸೆಲ್ ಯಂತ್ರಗಳ ಕಾಲ ಮುಗಿದು, 2024ರ ಸೆಪ್ಟೆಂಬರಿನಲ್ಲಿ ಅದೇ ಸ್ಥಳದಲ್ಲಿ 370 ಮೆಗಾವಾಟ್‌ಗಳ ಅನಿಲಾಧಾರಿತ ಕೇಂದ್ರ ಉದ್ಘಾಟನೆಗೊಂಡಿತು. ಇಂಧನ ಬದಲಾಗಿದೆ, ಆದರೆ ಅನಿಲವೂ ದೂರದಿಂದಲೇ ಬರಬೇಕು. ಕಷ್ಟಕಾಲದ ಆಸರೆಗೆ ನಾವು ಏನನ್ನು ಕೂಡಿಡಬೇಕು, ಅದರ ವೆಚ್ಚವನ್ನೂ ಬಾಧೆಯನ್ನೂ ಯಾರು ಹೊರಬೇಕು ಎಂಬ ಪ್ರಶ್ನೆಗಳು ಕನ್ನಂಬಾಡಿಯ ಕಾಲದಿಂದ ಇಂದಿನವರೆಗೂ ಉಳಿದೇ ಇವೆ.