'ಇಲ್ಲ' ಎಂದ ಮೇಲೆ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಮಾಲು ತಂದ ರೈತನಿಗೆ ತೂಕದ ಮೇಲೆ ಸಂಶಯ ಬಂದರೆ, ಕೊಳ್ಳುವವನನ್ನೇ ಕರೆದು 'ನೀನೇ ಇನ್ನೊಮ್ಮೆ ತೂಗಿ ಹೇಳು' ಎನ್ನುವುದಿಲ್ಲ. ಮೂರನೆಯವನೊಬ್ಬನು ಬೇಕು, ಕೊಳ್ಳುವವನ ಕಡೆಗೂ ಸೇರದ, ಮಾರುವವನ ಕಡೆಗೂ ಸೇರದ ಒಬ್ಬನು ತಕ್ಕಡಿಯ ಮುಂದೆ ನಿಲ್ಲಬೇಕು. ಪೇಟೆಯಲ್ಲಿ ಎಲ್ಲರಿಗೂ ಗೊತ್ತಿರುವ ಇಷ್ಟು ಸಾಮಾನ್ಯ ವಿವೇಕವನ್ನು, ಜಗತ್ತಿಗೆಲ್ಲ ಸಾಲ ಕೊಡುವ ದೊಡ್ಡ ಬ್ಯಾಂಕುಗಳು ತಮ್ಮ ಕಾಗದಪತ್ರಗಳ ವಿಷಯದಲ್ಲಿ ಒಪ್ಪಿಕೊಳ್ಳುವುದಕ್ಕೆ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಆ ಬ್ಯಾಂಕುಗಳಿಗೂ ನಮಗೂ ಏನು ಸಂಬಂಧವೆಂದು ಹಾವೇರಿಯ ಕಡೆಯವರು ಕೇಳಿದರೆ, ಸಂಬಂಧವು ಮನೆಯ ನಲ್ಲಿಯವರೆಗೂ ಬಂದಿದೆಯೆಂದು ಹೇಳಬೇಕಾಗುತ್ತದೆ. 2001ರಲ್ಲಿ ವಿಶ್ವ ಬ್ಯಾಂಕು ಸಾಲ ಮಂಜೂರು ಮಾಡಿದ 'ಜಲ ನಿರ್ಮಲ' ಯೋಜನೆಯು ಕರ್ನಾಟಕದ 11 ಜಿಲ್ಲೆಗಳ ಹಳ್ಳಿಗಳಿಗಾಗಿ ಇತ್ತು. ಹುಟ್ಟಿ ನಾಲ್ಕೇ ವರ್ಷವಾಗಿದ್ದ ಹಾವೇರಿ ಜಿಲ್ಲೆಯೂ ಅವುಗಳಲ್ಲಿ ಒಂದು. ಮುಂದೆ 2014ರಲ್ಲಿ ಮನಿಲಾದ ಏಷ್ಯನ್ ಅಭಿವೃದ್ಧಿ ಬ್ಯಾಂಕು ಪಟ್ಟಣಗಳ ನೀರಿನ ಯೋಜನೆಯೊಂದರ ಮೊದಲ ಕಂತಿಗೆ ಏಳೂವರೆ ಕೋಟಿ ಡಾಲರು ಸಾಲ ಒಪ್ಪಿತು. ಆ ಕಂತಿಗೆ ಆರಿಸಿಕೊಂಡ ಊರುಗಳು ನಾಲ್ಕು: ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿ. ಎಲ್ಲವೂ ತುಂಗಭದ್ರೆಯ ಮೇಲಿನ ಕಣಿವೆಯ ಊರುಗಳೇ. ಕೆಲಸ ಮಾಡಿಸುವ ಹೊಣೆಯನ್ನು ಹೊತ್ತದ್ದು ಬೆಂಗಳೂರಿನಲ್ಲಿರುವ ರಾಜ್ಯ ಸರ್ಕಾರದ ನಗರ ಮೂಲಸೌಕರ್ಯ ನಿಗಮ.

ಕೊಳವೆ ಹಾಕುವುದಕ್ಕೆಂದು ಬೀದಿ ಅಗೆದಾಗ ಜನರಿಗೆ ಏಳುವ ಪ್ರಶ್ನೆಗಳು ಸಣ್ಣವು. ಈ ಗುತ್ತಿಗೆಯನ್ನು ಇವರಿಗೇ ಏಕೆ ಕೊಟ್ಟರು? ನೀರಿನ ದರವನ್ನು ಇಷ್ಟಕ್ಕೆ ಏರಿಸಬೇಕೆಂದು ಕರಾರಿನಲ್ಲಿ ಉಂಟೆ? ಕೊಳಚೆ ನೀರು ಶುದ್ಧಿಮಾಡುವ ಜಾಗವನ್ನು ಗೊತ್ತುಮಾಡಿದವರು ಯಾರು? ಉತ್ತರವಿರುವ ಕಾಗದಗಳಲ್ಲಿ ಕೆಲವು ಪುರಸಭೆಯಲ್ಲಿ ಇರುತ್ತವೆ, ಕೆಲವು ಬೆಂಗಳೂರಿನಲ್ಲಿ, ಕೆಲವು ಮನಿಲಾದಲ್ಲಿ. ಸಾಲವನ್ನು ತೀರಿಸುವವರು ಮಾತ್ರ ನಾವೇ.

ಮೊದಲಿನ ಕಾಲದಲ್ಲಿ ಮನಿಲಾಕ್ಕೋ ವಾಷಿಂಗ್ಟನ್ನಿಗೋ ಬರೆದು ಕೇಳಿದರೆ ಬರುತ್ತಿದ್ದ ಉತ್ತರ ಮೌನ. ಇಲ್ಲವೇ ನಯವಾದ ನಿರಾಕರಣೆ. ಯಾವ ಬಗೆಯ ಕಾಗದಗಳನ್ನು ಹೊರಗೆ ಕೊಡಬಹುದೆಂಬ ಒಂದು ಪಟ್ಟಿಯನ್ನು ಬ್ಯಾಂಕೇ ಮಾಡಿಟ್ಟುಕೊಂಡಿತ್ತು. ಪಟ್ಟಿಯಲ್ಲಿ ಇಲ್ಲದ್ದೆಲ್ಲವೂ ಗುಟ್ಟು. ನಿರಾಕರಿಸಿದ ಮೇಲೆ ಹೋಗಲು ಇನ್ನೊಂದು ಬಾಗಿಲಿರಲಿಲ್ಲ.

ಈ ಗೋಡೆಯಲ್ಲಿ ಮೊದಲ ಬಿರುಕು ಬಿಟ್ಟದ್ದು ನರ್ಮದೆಯ ದಂಡೆಯಿಂದ. ಸರ್ದಾರ್ ಸರೋವರದ ಅಣೆಕಟ್ಟಿನಿಂದ ಮುಳುಗುವವರ ಕೂಗು ಹೆಚ್ಚಾದಾಗ, 1991ರಲ್ಲಿ ವಿಶ್ವ ಬ್ಯಾಂಕು ಬ್ರಾಡ್‌ಫರ್ಡ್ ಮೋರ್ಸ್ ಎಂಬುವರ ಮುಖಂಡತ್ವದಲ್ಲಿ ಹೊರಗಿನವರ ಪರಿಶೀಲನೆಯೊಂದನ್ನು ನೇಮಿಸಿತು. 1992ರಲ್ಲಿ ಹೊರಬಿದ್ದ ಅವರ ವರದಿಯು ಬ್ಯಾಂಕು ತನ್ನ ನಿಯಮಗಳನ್ನು ತಾನೇ ಪಾಲಿಸಲಿಲ್ಲವೆಂದು ಸ್ಪಷ್ಟವಾಗಿ ಹೇಳಿತು. ಮರು ವರ್ಷವೇ ಎರಡು ಬದಲಾವಣೆಗಳಾದವು. ಕಾಗದಗಳನ್ನು ಬಹಿರಂಗಪಡಿಸುವ ನೀತಿಯೊಂದು ಬಂತು. ದೂರು ಕೇಳುವ ತಪಾಸಣಾ ಮಂಡಳಿಯೊಂದು ಹುಟ್ಟಿತು. ಈ ಮಂಡಳಿ ಕಾಗದ ಕೊಡಿಸುವ ಮಂಡಳಿಯಲ್ಲ, ಯೋಜನೆಯಿಂದ ನೊಂದವರ ಅಹವಾಲನ್ನು ಕೇಳುವಂಥದ್ದು. ಆದರೆ ಬ್ಯಾಂಕಿನ ಮಾತಿನ ಮೇಲೆ ಬ್ಯಾಂಕಿನ ಆಡಳಿತಕ್ಕೆ ಸೇರದವರು ಅಭಿಪ್ರಾಯ ಹೇಳಬಹುದೆಂಬ ತತ್ತ್ವ ಅಲ್ಲಿಂದ ಊರ್ಜಿತವಾಯಿತು.

ಊರ್ಜಿತವಾಯಿತೆಂದೆನೆ? ಅಷ್ಟು ಸುಲಭವಾಗಿ ಅಲ್ಲ. ನಮ್ಮ ನಾಗರಹೊಳೆಯ ಕಥೆಯನ್ನು ಇಲ್ಲಿ ನೆನೆಯಬೇಕು. ವಿಶ್ವ ಬ್ಯಾಂಕಿನ ನೆರವಿನಿಂದ ಭಾರತದ ಏಳು ಅಭಯಾರಣ್ಯಗಳಲ್ಲಿ ನಡೆಯಬೇಕಾಗಿದ್ದ ಪರಿಸರಾಭಿವೃದ್ಧಿ ಯೋಜನೆಯಲ್ಲಿ ನಾಗರಹೊಳೆಯೂ ಒಂದಾಗಿತ್ತು. ಕಾಡಿನೊಳಗಿನ ಹಾಡಿಗಳ ಬುಡಕಟ್ಟಿನವರು, ಯೋಜನೆಯನ್ನು ರೂಪಿಸುವಾಗ ತಮ್ಮನ್ನು ಕೇಳಲೇ ಇಲ್ಲವೆಂದು, 1998ರಲ್ಲಿ ತಮ್ಮ ಸಂಘಟನೆಯ ಮೂಲಕ ತಪಾಸಣಾ ಮಂಡಳಿಗೆ ದೂರು ಕೊಟ್ಟರು. ಹಾಡಿಯಲ್ಲಿ ಕುಳಿತವರು ವಾಷಿಂಗ್ಟನ್ನಿಗೆ ಅಪೀಲು ಹೋದದ್ದು ಕರ್ನಾಟಕದ ಇತಿಹಾಸದಲ್ಲಿ ಸಣ್ಣ ಸಂಗತಿಯೇನಲ್ಲ. ಮಂಡಳಿಯವರು ಸ್ಥಳಕ್ಕೆ ಬಂದು ನೋಡಿ, ಪೂರ್ಣ ತನಿಖೆ ನಡೆಯಬೇಕೆಂದು ಶಿಫಾರಸು ಮಾಡಿದರು. ಬ್ಯಾಂಕಿನ ನಿರ್ದೇಶಕರು ಒಪ್ಪಲಿಲ್ಲ. ತನಿಖೆ ನಡೆಯದೆ ಹೋಯಿತು. ಮಂಡಳಿ ಸ್ವತಂತ್ರ, ಆದರೆ ಅದರ ಕೈ ಹಿಡಿದು ನಿಲ್ಲಿಸುವ ಅಧಿಕಾರ ಇನ್ನೊಬ್ಬರದು. ಇಂಥ ಸ್ವಾತಂತ್ರ್ಯವನ್ನು ಏನೆಂದು ಕರೆಯೋಣ? ಮಂಡಳಿಯ ಹಲವು ಶಿಫಾರಸುಗಳಿಗೆ ಇದೇ ಗತಿಯಾಗುತ್ತಿದ್ದುದರಿಂದ, 1999ರಲ್ಲಿ ನಿಯಮವನ್ನು ತಿದ್ದಿ, ಮಂಡಳಿಯು ತನಿಖೆ ಬೇಕೆಂದರೆ ನಿರ್ದೇಶಕರು ಅದರ ಗುಣದೋಷಗಳ ಚರ್ಚೆಗಿಳಿಯದೆ ಒಪ್ಪಬೇಕೆಂದು ಮಾಡಿದರು. ನಾಗರಹೊಳೆಯವರಿಗೆ ಇದರಿಂದ ಬಂದ ಲಾಭವೇನೂ ಇಲ್ಲ.

ಕಾಗದಗಳ ಮಾತಿಗೆ ಬಂದರೆ, ನಿಜವಾದ ತಿರುವು 2010ರದು. ಆ ವರ್ಷದ ಜುಲೈ 1ರಿಂದ ವಿಶ್ವ ಬ್ಯಾಂಕು ತನ್ನ ಹಳೆಯ ಪಟ್ಟಿಯನ್ನು ತಲೆಕೆಳಗು ಮಾಡಿತು: ಎಲ್ಲವೂ ಬಹಿರಂಗ, ಹೆಸರಿಸಿದ ಕೆಲವು ವಿನಾಯಿತಿಗಳು ಮಾತ್ರ ಗುಟ್ಟು. ಭಾರತದ 2005ರ ಮಾಹಿತಿ ಹಕ್ಕು ಕಾಯಿದೆಯ ಮತ್ತು ಅಮೆರಿಕದ ಅಂಥದೇ ಕಾನೂನಿನ ಮೇಲ್ಪಂಕ್ತಿ ಅದರ ಮುಂದಿತ್ತು. ನಿರಾಕರಣೆಗೆ ಎರಡು ಮೆಟ್ಟಿಲಿನ ಅಪೀಲೂ ಬಂತು. ಮೊದಲನೆಯದು ಬ್ಯಾಂಕಿನ ಒಳಗಿನ ಸಮಿತಿಗೆ, ಎರಡನೆಯದು ಹೊರಗಿನ ಮೂವರು ತಜ್ಞರ ಮಂಡಳಿಗೆ. ಆ ಮೊದಲ ಮೂವರಲ್ಲಿ ಒಬ್ಬರು ನಮ್ಮವರೇ ಆದ ವಜಾಹತ್ ಹಬೀಬುಲ್ಲಾ. ನಮ್ಮ ದೇಶದ ಮೊಟ್ಟಮೊದಲ ಮುಖ್ಯ ಮಾಹಿತಿ ಆಯುಕ್ತರಾಗಿದ್ದವರು ಅವರು. ಸಾಲ ಪಡೆಯುವ ದೇಶದ ಒಂದು ಕಾಯಿದೆಯ ಅನುಭವವು ಸಾಲ ಕೊಡುವವನ ಮನೆಯ ಜಗಲಿಗೆ ಹತ್ತಿದ್ದು ಅಪರೂಪದ ಸಂಗತಿಯೆಂದೇ ನನ್ನ ಎಣಿಕೆ. ಮನಿಲಾದ ಬ್ಯಾಂಕೂ 2011ರಲ್ಲಿ ತಿದ್ದಿದ ನೀತಿಯಲ್ಲಿ ಇಂಥದೇ ಸ್ವತಂತ್ರ ಅಪೀಲು ಮಂಡಳಿಯನ್ನು ಇಟ್ಟಿತು. 2019ರ ಜನವರಿಯಿಂದ ಜಾರಿಗೆ ಬಂದ ಅದರ ಹೊಸ ನೀತಿಯಲ್ಲಿಯೂ ಆ ಏರ್ಪಾಡು ಉಳಿಯಿತು.

ಆದ್ದರಿಂದ ಇಂದು ಬ್ಯಾಡಗಿಯ ನಿವಾಸಿಯೊಬ್ಬರು ಮನಿಲಾಕ್ಕೆ ಬರೆದು, ಕಾಗದ ಸಿಗದಿದ್ದರೆ ಮೇಲೆ ಹೋಗಬಹುದು. ಆದರೆ ಹೊರಗಿನ ತಜ್ಞರು ತೂಗುವ ಬಟ್ಟುಗಳು ಬ್ಯಾಂಕು ಕೊಟ್ಟವೇ. ಬ್ಯಾಂಕು ತನ್ನ ನೀತಿಯನ್ನು ಮೀರಿತೇ ಎಂಬುದಷ್ಟೇ ಅವರು ನೋಡುವ ವಿಷಯ. ನೀತಿಯೇ ಸರಿಯೇ ಎಂದು ಕೇಳುವಂತಿಲ್ಲ. ವಿಶ್ವ ಬ್ಯಾಂಕಿನಲ್ಲಂತೂ, 'ವಿನಾಯಿತಿ ಇದ್ದರೂ ಸಾರ್ವಜನಿಕ ಹಿತಕ್ಕಾಗಿ ಈ ಕಾಗದ ಹೊರಬರಲಿ' ಎಂಬ ವಾದವು ಒಳಗಿನ ಸಮಿತಿಯಲ್ಲಿಯೇ ಮುಗಿಯುತ್ತದೆ, ಹೊರಗಿನ ಮಂಡಳಿಯವರೆಗೆ ಹೋಗುವುದೇ ಇಲ್ಲ. ನನ್ನ ಮಟ್ಟಿಗೆ, ಮೂರನೆಯವನು ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿದ್ದದ್ದು ಆ ವಾದಕ್ಕೇ. ಇನ್ನು, ಸರ್ಕಾರವು ಗುಟ್ಟೆಂದು ಹೇಳಿ ಕೊಟ್ಟ ಕಾಗದವನ್ನು ಬ್ಯಾಂಕು ತಾನಾಗಿ ಬಿಡುವುದಿಲ್ಲ. ಇತ್ತ ಸರ್ಕಾರಿ ಕಚೇರಿಯಲ್ಲಿ ಕೇಳಿದರೆ 'ಬ್ಯಾಂಕಿನವರನ್ನು ಕೇಳಿ' ಎನ್ನುವ ಸಂಭವವೂ ಉಂಟು. ಅತ್ತೆ ಸೊಸೆಯ ಮೇಲೆ, ಸೊಸೆ ಅತ್ತೆಯ ಮೇಲೆ.

ಕೋರ್ಟಿಗೆ ಹೋಗೋಣವೆಂದರೆ ಆ ದಾರಿಯೂ ಬಿಗಿಯಾಗಿದೆ. ಬ್ಯಾಂಕಿನ ದಫ್ತರವನ್ನು ಯಾರೂ ಮುಟ್ಟಬಾರದೆಂಬ ರಕ್ಷಣೆ ಅದರ ಸ್ಥಾಪನೆಯ ಒಡಂಬಡಿಕೆಯಲ್ಲಿಯೇ ಇದೆ. ನಮ್ಮ ಪಾರ್ಲಿಮೆಂಟು ಅದಕ್ಕೆ 1966ರ ಏಷ್ಯನ್ ಅಭಿವೃದ್ಧಿ ಬ್ಯಾಂಕು ಕಾಯಿದೆಯ ಬಲವನ್ನೂ ಕೊಟ್ಟಿದೆ. ಕರ್ನಾಟಕದ ಮಾಹಿತಿ ಆಯೋಗವು ಮನಿಲಾಕ್ಕೆ ಅಪ್ಪಣೆ ಮಾಡಲಾರದು.

ಬೆಂಗಳೂರಿನ ನಿಗಮಕ್ಕೆ ಮಾತ್ರ ಮಾಡಬಹುದು. ದಿಲ್ಲಿಯ ಉದಾಹರಣೆ ಇದನ್ನು ತೋರಿಸಿಕೊಟ್ಟಿದೆ. ಅಲ್ಲಿಯ ನೀರು ಸರಬರಾಜಿಗೆ ವಿಶ್ವ ಬ್ಯಾಂಕಿನ ಸಾಲ ತರುವ ಯತ್ನ ನಡೆದಾಗ, 'ಪರಿವರ್ತನ್' ಎಂಬ ಸಂಘದವರು ವಾಷಿಂಗ್ಟನ್ನಿಗೆ ಕಾಯದೆ, 2001ರ ದಿಲ್ಲಿ ಮಾಹಿತಿ ಹಕ್ಕು ಕಾಯಿದೆಯಂತೆ ಅಲ್ಲಿನ ಜಲ ಮಂಡಳಿಯನ್ನೇ ಕೇಳಿದರು. ಸಾವಿರಾರು ಪುಟಗಳು ದೊರೆತವು. ಸಲಹಾ ಸಂಸ್ಥೆಯ ಆಯ್ಕೆಯಲ್ಲಿ ಬ್ಯಾಂಕು ಮತ್ತೆ ಮತ್ತೆ ಆಕ್ಷೇಪವೆತ್ತಿದ ಪತ್ರವ್ಯವಹಾರ ಅವುಗಳಲ್ಲಿತ್ತು. 2005ರಲ್ಲಿ ದಿಲ್ಲಿ ಸರ್ಕಾರ ಸಾಲದ ಅರ್ಜಿಯನ್ನೇ ಹಿಂದಕ್ಕೆ ತೆಗೆದುಕೊಂಡಿತು.

ರಾಣೆಬೆನ್ನೂರಿನವರಿಗೂ ಈ ದಾರಿ ತೆರೆದಿದೆ. ಹತ್ತು ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದಗಳೊಳಗೆ ಅರ್ಜಿ. ಕನ್ನಡದಲ್ಲಿಯೇ ಬರೆಯಬಹುದು. 30 ದಿನಗಳಲ್ಲಿ ಉತ್ತರ ಬರಬೇಕು. ಬರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನಗಳೊಳಗೆ ಆಯೋಗಕ್ಕೆ. ವಿದೇಶೀ ಸರ್ಕಾರದಿಂದ ವಿಶ್ವಾಸದಲ್ಲಿ ಬಂದ ಮಾಹಿತಿಯನ್ನು ಕೊಡಬೇಕಾಗಿಲ್ಲವೆಂಬ ವಿನಾಯಿತಿಯನ್ನು ಎಂಟನೆಯ ಕಲಮಿನಿಂದ ಯಾರಾದರೂ ತೋರಿಸಿದರೆ, ಆ ಬ್ಯಾಂಕು ಯಾವ ದೇಶದ ಸರ್ಕಾರವೆಂದು ತಿರುಗಿ ಕೇಳಬಹುದು. 1966ರಲ್ಲಿ ಅದನ್ನು ಸ್ಥಾಪಿಸಿದ ದೇಶಗಳಲ್ಲಿ ಭಾರತವೂ ಒಂದು, ಅದರ ಷೇರುಗಳಲ್ಲಿ ನಮ್ಮ ಪಾಲೂ ಉಂಟು.