ಮಕ್ಕಳ ಪುಸ್ತಕಗಳಲ್ಲಿ ಜನಾಂಗ ವೈವಿಧ್ಯ: ಒಂದು ಎಣಿಕೆಯ ಇತಿಹಾಸ

ಮಕ್ಕಳ ಸಾಹಿತ್ಯವನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿ ಕೆಲವು ಹೆಸರುಗಳ ಪಟ್ಟಿಯಾಗಿ ಮುಗಿಸಿಬಿಡುತ್ತವೆ. ಆ ಪುಸ್ತಕಗಳಲ್ಲಿ ಯಾವ ಮಕ್ಕಳಿದ್ದಾರೆ, ಯಾವ ಮಕ್ಕಳಿಲ್ಲ ಎಂಬ ಪ್ರಶ್ನೆಯನ್ನು ಅವು ಕೇಳುವುದು ವಿರಳ. ಈ ಪ್ರಶ್ನೆಯನ್ನು ಅಂಕಿ-ಅಂಶಗಳ ಮೂಲಕ ಕೇಳಿಕೊಂಡ ದೇಶಗಳಲ್ಲಿ ಅಮೆರಿಕ ಮುಖ್ಯವಾದುದು. ಅಲ್ಲಿನ ಅನುಭವವನ್ನು ಪರಿಶೀಲಿಸಿ, ಅದರಿಂದ ನಮ್ಮ ಸಂಶೋಧನೆಗೆ ದೊರೆಯುವ ವಿಧಾನವನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಚರಿತ್ರೆಯ ಒಂದು ಎಳೆ ಭಾರತದಲ್ಲಿಯೇ ಇದೆ. ಇಲ್ಲಿ ವೈದ್ಯಾಧಿಕಾರಿಯಾಗಿದ್ದವರ ಪತ್ನಿ, ಸ್ಕಾಟ್ಲೆಂಡಿನ ಹೆಲೆನ್ ಬ್ಯಾನರ್‌ಮನ್ ರಚಿಸಿದ 'ದಿ ಸ್ಟೋರಿ ಆಫ್ ಲಿಟ್ಲ್ ಬ್ಲ್ಯಾಕ್ ಸ್ಯಾಂಬೊ' 1899ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಕಥೆಯಲ್ಲಿರುವುದು ಹುಲಿ, ಬಜಾರು ಮತ್ತು ತುಪ್ಪ. ಹುಡುಗನ ಹೆಸರು ಮತ್ತು ಚಿತ್ರಗಳು ಮಾತ್ರ ಕಪ್ಪುಜನರನ್ನು ಹಾಸ್ಯಕ್ಕೀಡುಮಾಡುವ ಅಂದಿನ ರೂಢಿಗೆ ಸೇರಿದವು. ಅಮೆರಿಕದಲ್ಲಿ ಹಲವು ಪ್ರಕಾಶಕರು ಇದನ್ನು ಇನ್ನಷ್ಟು ವಿಕಾರವಾದ ಚಿತ್ರಗಳೊಡನೆ ಅಚ್ಚುಹಾಕಿದರು. ಭಾರತದ ಮಗು, ಆಫ್ರಿಕಾ ಮೂಲದ ಮಗು ಎರಡೂ ಒಂದೇ ಅಣಕದೊಳಗೆ ಕಳೆದುಹೋದವು. ಹುಡುಗನಿಗೆ ಭಾರತೀಯ ಹೆಸರನ್ನೂ ರೂಪವನ್ನೂ ಕೊಟ್ಟ 'ಲಿಟ್ಲ್ ಬಾಬಾಜಿ' ಆವೃತ್ತಿ ಬಂದದ್ದು 1996ರಲ್ಲಿ.

ಅಣಕಕ್ಕೆ ಉತ್ತರ ಕೊಡುವ ಪ್ರಯತ್ನ ಮಾತ್ರ ಬಹು ಹಿಂದೆಯೇ ಆರಂಭವಾಗಿತ್ತು. ಡಬ್ಲ್ಯು.ಇ.ಬಿ. ಡುಬಾಯ್ಸ್ ಮತ್ತು ಜೆಸ್ಸಿ ಫಾಸೆಟ್ ಮೊದಲಾದವರು ಕಪ್ಪುಜನರ ಮಕ್ಕಳಿಗಾಗಿ 1920ರ ಜನವರಿಯಲ್ಲಿ 'ದಿ ಬ್ರೌನೀಸ್ ಬುಕ್' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಆರಂಭದ ಕವಿತೆಗಳು ಅಚ್ಚಾದದ್ದು ಇದರಲ್ಲಿ. 24 ಸಂಚಿಕೆಗಳ ಬಳಿಕ, 1921ರ ಕೊನೆಯಲ್ಲಿ, ಪತ್ರಿಕೆ ನಿಂತುಹೋಯಿತು.

1965ರ ಸೆಪ್ಟೆಂಬರಿನಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬ ಶಿಕ್ಷಣತಜ್ಞೆ 'ಸ್ಯಾಟರ್ಡೇ ರಿವ್ಯೂ' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಚರ್ಚೆಯ ದಿಕ್ಕನ್ನೇ ಬದಲಿಸಿತು. ಪುಸ್ತಕಗಳಲ್ಲಿ ಯಾವಾಗಲೂ ಬಿಳಿಯ ಮಕ್ಕಳೇ ಏಕೆ ಎಂದು ಐದು ವರ್ಷದ ಕಪ್ಪು ಹುಡುಗಿಯೊಬ್ಬಳು ಕೇಳಿದ್ದನ್ನು ಆಕೆ ಆರಂಭದಲ್ಲಿಯೇ ನೆನೆಯುತ್ತಾರೆ. ಅನಂತರ ಅವರು ಮಾಡಿದ್ದು ಎಣಿಕೆ. 1962ರಿಂದ 1964ರವರೆಗೆ 63 ಪ್ರಕಾಶಕರು ಹೊರತಂದ 5,206 ಪುಸ್ತಕಗಳಲ್ಲಿ ಕಪ್ಪುಜನರಲ್ಲಿ ಒಬ್ಬರಾದರೂ ಕಾಣಿಸಿಕೊಂಡದ್ದು 349ರಲ್ಲಿ ಮಾತ್ರ, ಅಂದರೆ ಶೇ. 6.7. ಅವುಗಳಲ್ಲಿಯೂ ಸುಮಾರು ಶೇ. 60ರಷ್ಟು ಕಥೆಗಳು ನಡೆಯುವುದು ಹೊರದೇಶದಲ್ಲಿ ಅಥವಾ ಎರಡನೆಯ ಮಹಾಯುದ್ಧಕ್ಕಿಂತ ಹಿಂದೆ. ಕಣ್ಣೆದುರಿನ ನೆರೆಮನೆಯ ಮಗುವಿಗೆ ಪುಸ್ತಕದಲ್ಲಿ ಸ್ಥಳವಿರಲಿಲ್ಲವೆಂಬುದು ಇದರ ಅರ್ಥ.

ಪರಿಣಾಮವೂ ಉಂಟಾಯಿತು. ಅದೇ ವರ್ಷದ ಶಿಕ್ಷಣ ಕಾಯಿದೆಯಿಂದ ಶಾಲಾ ಗ್ರಂಥಾಲಯಗಳಿಗೆ ಸರ್ಕಾರದ ಹಣ ಒದಗಿತು. ಕೊಳ್ಳುವವರಿದ್ದಾರೆಂದು ತಿಳಿದಾಗ ಪ್ರಕಾಶಕರ ಆಸಕ್ತಿಯೂ ಹೆಚ್ಚಿತು. 1975ರಲ್ಲಿ ವರ್ಜೀನಿಯಾ ಹ್ಯಾಮಿಲ್ಟನ್ ನ್ಯೂಬೆರಿ ಪದಕವನ್ನು ಪಡೆದ ಮೊದಲ ಆಫ್ರಿಕನ್-ಅಮೆರಿಕನ್ ಲೇಖಕಿಯಾದರು. ಆದರೆ ಈ ಬೆಳವಣಿಗೆ ಸ್ಥಿರವಾಗಿ ಉಳಿಯಲಿಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರ 1985ರಲ್ಲಿ ಎಣಿಕೆಗೆ ತೊಡಗಿದಾಗ, ಆ ವರ್ಷದ ಸುಮಾರು 2,500 ಪುಸ್ತಕಗಳ ಪೈಕಿ ಕಪ್ಪು ಲೇಖಕರು ಅಥವಾ ಚಿತ್ರಕಾರರು ರಚಿಸಿದವು 18 ಮಾತ್ರ ಎಂದು ತಿಳಿಯಿತು. 2013ರಲ್ಲಿ ಅದೇ ಕೇಂದ್ರ ಪರಿಶೀಲಿಸಿದ ಸುಮಾರು 3,200 ಪುಸ್ತಕಗಳಲ್ಲಿ ಕಪ್ಪುಜನರನ್ನು ಕುರಿತವು 93. ಅವರೇ ರಚಿಸಿದವು 68.

ಈ ಕೊನೆಯ ಎರಡು ಸಂಖ್ಯೆಗಳನ್ನು ಬೇರೆಬೇರೆಯಾಗಿ ದಾಖಲಿಸಿರುವುದು ಗಮನಾರ್ಹ. ಒಂದು ಸಮುದಾಯವನ್ನು ಕುರಿತು ಬರೆಯುವುದು ಬೇರೆ, ಆ ಸಮುದಾಯವೇ ಬರೆಯುವುದು ಬೇರೆ. ಮಧ್ಯಕಾಲೀನ ಕನ್ನಡ ಸಾಹಿತ್ಯವನ್ನು ಅಭ್ಯಸಿಸುವವರಿಗೆ ಈ ಭೇದ ಅಪರಿಚಿತವಲ್ಲ. ಅಂಬಿಗರ ಚೌಡಯ್ಯನ ವಚನಗಳಲ್ಲಿ ಮಾತನಾಡುವವನು ಸ್ವತಃ ಅಂಬಿಗ. ಹರಿಹರನ ರಗಳೆಗಳಲ್ಲಿ ಶರಣರ ಕಥೆಯನ್ನು ನಿರೂಪಿಸುವವನು ಅವರ ಭಕ್ತನಾದ ಕವಿ. ಎರಡೂ ಬೆಲೆಯುಳ್ಳವು, ಆದರೆ ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು. ಮಕ್ಕಳ ಪುಸ್ತಕಗಳ ವಿಷಯದಲ್ಲಿಯೂ ಈ ಮಾತು ನಿಜ.

ಕನ್ನಡಕ್ಕೆ ಇದನ್ನು ಅನ್ವಯಿಸುವಾಗ ಅಮೆರಿಕದ ವರ್ಗೀಕರಣವನ್ನು ಹಾಗೆಯೇ ಎತ್ತಿಕೊಳ್ಳಲಾಗದು. ನಮ್ಮಲ್ಲಿ ಪ್ರಶ್ನೆ ಬಣ್ಣದ್ದಷ್ಟೇ ಅಲ್ಲ. ಜಾತಿ, ಧರ್ಮ, ಬುಡಕಟ್ಟು, ಮನೆಮಾತು ಎಲ್ಲವೂ ಅದರಲ್ಲಿ ಸೇರುತ್ತವೆ. ಉತ್ತರ ಕನ್ನಡದ ಸಿದ್ದಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗ, ತಾಂಡಾದ ಲಂಬಾಣಿ, ಕರಾವಳಿಯ ಬ್ಯಾರಿ ಮಕ್ಕಳು ಎಷ್ಟು ಕಥೆಗಳಲ್ಲಿದ್ದಾರೆ? ಇದ್ದಾಗ ಅವರು ನಾಯಕರೊ, ಕರುಣೆಯ ಪಾತ್ರಗಳೊ? ಅವರ ಮನೆಮಾತಿನ ಒಂದೆರಡು ಶಬ್ದಗಳಾದರೂ ಪುಟದ ಮೇಲೆ ಬಂದಿವೆಯೆ? ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಅಥವಾ ತಮಿಳು ಆಡುವ ಮುಂಬಯಿ, ಚೆನ್ನೈಗಳ ಮಗು ಕನ್ನಡ ಪುಸ್ತಕದಲ್ಲಿ ತನ್ನನ್ನು ಕಾಣುತ್ತದೆಯೆ?

ಇವಕ್ಕೆ ಊಹೆಯಿಂದ ಉತ್ತರಿಸಬಾರದು. ಹೊರನಾಡಿನ ಕನ್ನಡ ಸಂಘಗಳ ಗ್ರಂಥಾಲಯಗಳಲ್ಲಿರುವ ಮಕ್ಕಳ ಪುಸ್ತಕಗಳನ್ನು ದಶಕವಾರು ವಿಂಗಡಿಸಿ, ಬರೆದವರು ಯಾರು, ಚಿತ್ರಿಸಿದವರು ಯಾರು, ಕಥೆಯಲ್ಲಿರುವವರು ಯಾರು ಎಂಬ ಮೂರು ಅಂಕಣಗಳ ಪಟ್ಟಿಯನ್ನು ಸಿದ್ಧಪಡಿಸುವುದು ಒಬ್ಬ ಪಿಎಚ್.ಡಿ. ವಿದ್ಯಾರ್ಥಿಯ ಶಕ್ತಿಗೆ ಮೀರಿದ ಕೆಲಸವಲ್ಲ. ಲ್ಯಾರಿಕ್ ಅವರಿಗೆ ಮೊದಲು ಬೇಕಾದದ್ದು ಸಿದ್ಧಾಂತವಲ್ಲ, ಎಣಿಸುವ ತಾಳ್ಮೆ. ನಮಗೂ ಅಲ್ಲಿಂದಲೇ ಆರಂಭಿಸುವುದು ಉಚಿತ.