ಸೀನಿಗೆ ಸೊಪ್ಪಿನ ಗುಳಿಗೆ: ಪರೀಕ್ಷೆ ಬೆಳೆದುಬಂದ ಬಗೆ

ಪರಾಗದ ಅಲರ್ಜಿಗೆ ಗಿಡಮೂಲಿಕೆಯ ಗುಳಿಗೆ ಕೊಟ್ಟು, ಗುಣ ಅದರಿಂದಲೇ ಸಿಕ್ಕಿತೆಂದು ಹೇಳುವುದು ಕಷ್ಟ. ಒಂದು ಮಳೆ ಹೊಯ್ದರೆ ಗಾಳಿಯಲ್ಲಿನ ಪರಾಗ ತಗ್ಗುತ್ತದೆ, ಸೀನೂ ತಗ್ಗುತ್ತದೆ. ಹೆಸರು ಮಾತ್ರ ಗುಳಿಗೆಗೆ. ಇಂಥ ಮೋಸಕ್ಕೆ ಬೀಳದಿರುವುದನ್ನು ಸಂಶೋಧಕರು ನಿಧಾನವಾಗಿ ಕಲಿತರು.

ಮೊದಮೊದಲು ವೈದ್ಯರ ದೇಹವೇ ಪ್ರಯೋಗಶಾಲೆ. 1819ರಲ್ಲಿ ಲಂಡನ್ನಿನ ಜಾನ್ ಬೊಸ್ಟಾಕ್ ಪ್ರತಿ ಬೇಸಿಗೆಯಲ್ಲಿ ತನ್ನನ್ನು ಕಾಡುತ್ತಿದ್ದ ಕಣ್ಣುರಿ, ಸೀನುಗಳನ್ನೇ ದಾಖಲಿಸಿದ. 1873ರಲ್ಲಿ ಚಾರ್ಲ್ಸ್ ಬ್ಲ್ಯಾಕ್ಲಿ ತನ್ನ ಮೇಲೆ ಪರಾಗ ಪ್ರಯೋಗಿಸಿ, ಕಾರಣ ಅದೇ ಎಂದು ತೋರಿಸಿದ. 1960ರ ದಶಕದಲ್ಲಿ, ಸ್ವತಃ ಆಸ್ತಮಾ ರೋಗಿಯಾಗಿದ್ದ ರೋಜರ್ ಆಲ್ಟೂನ್ಯನ್ ಬೇಕೆಂದೇ ಉಬ್ಬಸ ಬರಿಸಿಕೊಂಡು, ಖೆಲ್ಲಾ ಎಂಬ ಗಿಡದ ರಾಸಾಯನಿಕವನ್ನು ಆಧರಿಸಿ ತಯಾರಿಸಿದ ಸಂಯುಕ್ತಗಳನ್ನು ಒಂದೊಂದಾಗಿ ಪರೀಕ್ಷಿಸಿದ. ಕ್ರೋಮೋಗ್ಲೈಕೇಟ್ ಔಷಧ ಸಿಕ್ಕಿದ್ದು ಹಾಗೆ.

ಅದು ಗಿಡದಿಂದ ಒಂದೇ ಅಣುವಿನತ್ತ ನಡೆದ ದಾರಿ. ಆದರೆ ಗುಳಿಗೆಯಾಗಿ ಮಾರುವ ಪೂರಕ ಆಹಾರದಲ್ಲಿ ಇಡೀ ಸೊಪ್ಪು ಅಥವಾ ಅದರ ಸಾರವೇ ಇರುತ್ತದೆ. 1990ರಲ್ಲಿ ಅಮೆರಿಕದಲ್ಲಿ, ಮುಟ್ಟಿದರೆ ಉರಿಯುವ ನೆಟಲ್ ಸೊಪ್ಪನ್ನು ಒಣಗಿಸಿ, ಔಷಧವಿಲ್ಲದ ಹುಸಿಮದ್ದಿನ ಎದುರು ಪರೀಕ್ಷಿಸಿದರು. ಒಟ್ಟಾರೆ ಹೇಗನಿಸಿತು ಎಂದು ಕೇಳಿದಾಗ ಸೊಪ್ಪು ಮುಂದಿತ್ತು. ರೋಗಿಗಳು ಬರೆದಿಟ್ಟ ದಿನಚರಿಯಲ್ಲಿ ಆ ಅಂತರ ಅಲ್ಪ. ಅವಧಿ ಒಂದೇ ವಾರ, ಕೊನೆತನಕ ಉಳಿದವರು 69 ಮಂದಿ.

ಇಂಥ ಗೊಂದಲ ತಪ್ಪಿಸಲೆಂದೇ ಬಿಗಿಯಾದ ಅಳತೆಗಳಿವೆ. ಸೀನು, ಮೂಗು ಸೋರುವುದು, ಕಟ್ಟುವುದು, ತುರಿಕೆ: ನಾಲ್ಕಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 12. ಮಳೆಗಾಳಿಯ ಕಾಟ ತಪ್ಪಿಸಲು, ಎಲ್ಲರಿಗೂ ಒಂದೇ ಪ್ರಮಾಣದ ಪರಾಗ ಬೀಸುವ ಕೋಣೆಗಳು ವಿಯೆನ್ನಾದಂಥ ಕಡೆ ಬಂದವು. ಮೂಲಿಕೆಗೆ ಇನ್ನೊಂದು ತೊಡಕು ಇದ್ದೇ ಇದೆ. ಘಾಟು, ಕಹಿಯಿಂದ ಅಸಲಿ ಯಾವುದೆಂದು ನಾಲಿಗೆಗೆ ಗೊತ್ತಾದರೆ ಪರೀಕ್ಷೆ ಕೆಟ್ಟಂತೆ.

ಈ ಕ್ಷೇತ್ರದ ಅತಿ ಚರ್ಚಿತ ಗಿಡ ಯುರೋಪಿನ ಬಟರ್‌ಬರ್. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನದಲ್ಲಿ 125 ರೋಗಿಗಳಿಗೆ ಎರಡು ವಾರ ಈ ಗಿಡದ ಸಾರ ಇಲ್ಲವೇ ಅಲರ್ಜಿ ಔಷಧ ಸೆಟಿರಿಜಿನ್ ಕೊಟ್ಟರು. ಫಲ ಸರಿಸಮ. ಸೆಟಿರಿಜಿನ್ ಗುಂಪಿನ 12 ಅಡ್ಡಪರಿಣಾಮಗಳಲ್ಲಿ 8 ಮಂಪರು, ಆಯಾಸಕ್ಕೆ ಸೇರಿದವು. ಆದರೆ ಹುಸಿಮದ್ದಿನ ಗುಂಪೇ ಇರಲಿಲ್ಲ. ಎರಡೂ ಸಮ ಎಂದರೆ ಎರಡೂ ಕೆಲಸ ಮಾಡಿದವು ಎಂದಾಗಬೇಕಿಲ್ಲವಲ್ಲ! 2005ರಲ್ಲಿ 330 ಮಂದಿಯ ಮೇಲೆ, ಮತ್ತೊಂದು ಅಲರ್ಜಿ ಔಷಧ ಫೆಕ್ಸೊಫೆನಡಿನ್ ಜೊತೆಗೆ ಹುಸಿಮದ್ದನ್ನೂ ಇಟ್ಟು ನಡೆಸಿದ ಪರೀಕ್ಷೆ ಆ ಕೊರತೆ ತುಂಬಿತು. ಸಾರ ಹುಸಿಮದ್ದನ್ನು ಮೀರಿಸಿತು.

ಅಷ್ಟಕ್ಕೇ ಕಥೆ ಮುಗಿಯಲಿಲ್ಲ. ಬಟರ್‌ಬರ್‌ನಲ್ಲಿ ಯಕೃತ್ತಿಗೆ ವಿಷವಾಗುವ ಪಿರೋಲಿಜಿಡಿನ್ ಆಲ್ಕಲಾಯ್ಡ್‌ಗಳಿವೆ. ಅವನ್ನು ತೆಗೆದುಹಾಕಿಯೇ ಗುಳಿಗೆ ಮಾಡಬೇಕು. ಯಕೃತ್ತಿಗೆ ಹಾನಿಯಾದ ವರದಿಗಳು ಬಂದಾಗ, 2012ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಕರು ಬಟರ್‌ಬರ್ ಉತ್ಪನ್ನಗಳನ್ನು ಬಳಸದಂತೆ ಎಚ್ಚರಿಸಿದರು. ಎರಡು ವಾರದ ಪರೀಕ್ಷೆ ಮೂಗಿನ ಸುದ್ದಿ ಹೇಳೀತು, ಅಪರೂಪದ ಯಕೃತ್ತಿನ ಹಾನಿಯನ್ನು ಹಿಡಿಯಲಾರದು.

ನಮ್ಮಲ್ಲೂ ಈ ಕೆಲಸ ನಡೆದಿದೆ. ಕಾಂಗ್ರೆಸ್ ಗಿಡದ ಪರಾಗ ಬೆಂಗಳೂರಿಗರ ಮೂಗನ್ನು ಹೇಗೆ ಕಾಡುತ್ತದೆಂಬುದನ್ನು 1991ರ ಹೊತ್ತಿಗೇ ಸಂಶೋಧಕರು ಪ್ರಕಟಿಸಿದ್ದರು. ನೆಲ್ಲಿ, ಅಳಲೆ, ತಾರೆ, ಶಿರೀಷ, ಮೆಣಸು, ಹಿಪ್ಪಲಿ, ಶುಂಠಿ ಸೇರಿದ 'ಆಲರ್-7' ಮಿಶ್ರಣದ ಮೇಲೆ ಭಾರತದ ಹಲವು ಕೇಂದ್ರಗಳಲ್ಲಿ ನಡೆದ ಪರೀಕ್ಷೆಗಳ ವರದಿ 2004ರಲ್ಲಿ ಬಂತು. ಏಳು ಸೇರಿದಾಗ, ಗುಣ ಯಾವುದರದು ಎಂದು ಬಿಡಿಸಿ ಹೇಳುವುದು ಮತ್ತೂ ಕಷ್ಟ.

1994ರ ಅಮೆರಿಕದ ಕಾಯ್ದೆಯಂತೆ ಪೂರಕಗಳು ಮಾರುಕಟ್ಟೆಗೆ ಬರಲು ಮುಂಚಿತವಾಗಿ ಫಲ ಸಾಬೀತುಪಡಿಸಬೇಕಿಲ್ಲ. ಹಾಗಾಗಿ ಡಬ್ಬಿಯ ಮೇಲೆ 'ಪರೀಕ್ಷಿತ' ಎಂದಿದ್ದರೆ ಸಾಲದು. ಗಿಡದ ಯಾವ ಭಾಗದ ಸಾರ, ಯಾವುದರ ಎದುರು, ಎಷ್ಟು ದಿನ, ಯಕೃತ್ತನ್ನೂ ನೋಡಿದರೇ ಎಂದು ಕೊಳ್ಳುವವರು ಕೇಳಬೇಕು. ನೆಟಲ್, ಬಟರ್‌ಬರ್ ಪರೀಕ್ಷೆಗಳು ಎಡವಿದ್ದು ಇಂಥ ಪ್ರಶ್ನೆಗಳಲ್ಲೇ.